ಚಿಗವ್ವನ ಕೊರಳಿಗೆ ಕಟ್ಟಿದ ಸೈಕಲ್ ಟ್ಯೂಬು

ಗಿಟಾರಿಗೆ ಕ್ಯಾಪೋ ಹಾಕಬೇಕೋ ಬೇಡವೋ ಎಂದು ಜನ ಮೊಬೈಲಿನಲ್ಲಿ ಹೊಡೆದಾಡುವುದನ್ನು ಓದಿದಾಗೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಹಾಕುವವರು ಕೈಲಾಗದವರು ಎಂದು ಒಬ್ಬ, ಹಾಕದವರು ಸೊಕ್ಕಿನವರು ಎಂದು ಇನ್ನೊಬ್ಬ. ಕ್ಯಾಪೋ ಎಂದರೆ ಗಿಟಾರಿನ ಕತ್ತಿಗೆ ಅಡ್ಡ ಕಚ್ಚಿಸುವ ಒಂದು ಕ್ಲಿಪ್ಪು, ಅಷ್ಟೆ. ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುತ್ತದೆ. ಬೆರಳುಗಳು ತಮಗೆ ಗೊತ್ತಿದ್ದದ್ದನ್ನೇ ನುಡಿಸಿಕೊಂಡು ಹೋಗಬಹುದು. ನಾನೂ ಒಂದು ಕಾಲಕ್ಕೆ ಸೊಕ್ಕಿನವರ ಪಂಗಡದಲ್ಲೇ ಇದ್ದೆ. ಆ ಸೊಕ್ಕಿನಿಂದ ನಮ್ಮ ಚಿಗವ್ವನ ಹಾಡು ನಿಂತುಹೋಗಿತ್ತು.

ನಾನು ಗಿಟಾರ್ ಕಲಿತದ್ದು ಕೊಟ್ಟೂರಿನ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ದಿನವೆಲ್ಲ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದರು, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸಲು ಹೋಗುತ್ತಿದ್ದರು. "ತಂತಿ ಅಂದ್ರ ತಂತೀನ. ಸುತ್ತಿದ್ರ ನೀರು ಬರತೈತಿ, ಮೀಟಿದ್ರ ಹಾಡು ಬರತೈತಿ" ಎನ್ನುವುದು ಅವರ ಮಾತು. ಕಾಲೇಜು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನಾನು ಮಧ್ಯಾಹ್ನ ಹೋಗಿ ವಾರ್ನಿಷ್ ವಾಸನೆಯ ನಡುವೆ ಒಂದು ಹಳೇ ಟೈರಿನ ಮೇಲೆ ಕೂರುತ್ತಿದ್ದೆ. ಬೆರಳ ತುದಿ ಬೊಬ್ಬೆ ಎದ್ದು ಅಳುವಂತಾದಾಗ ಒಮ್ಮೆ ಕ್ಯಾಪೋ ಹಾಕಲೇನು ಎಂದು ಕೇಳಿದ್ದೆ. ಉಸ್ತಾದ್ ನನ್ನ ತಲೆಗೆ ಮೆಲ್ಲಗೆ ಮೊಟಕಿದರು.

"ಬೆನ್ನಿಗೆ ಬುರುಡಿ ಕಟ್ಕೊಂಡು ಬಾವ್ಯಾಗ ಈಜಿದಂಗ ಆಗತೈತಿ ಅದು. ಬುರುಡಿ ಬಿಚ್ಚಿದ ದಿನ ಮುಳುಗ್ತಿ. ಬೆರಳು ಗಟ್ಟಿ ಮಾಡ್ಕೊಳಲೇ."

ನಮ್ಮ ಕಡೆಯ ಹುಡುಗರೆಲ್ಲ ಒಣಗಿದ ಸೋರೆಬುರುಡೆ ಕಟ್ಟಿಕೊಂಡೇ ಈಜು ಕಲಿತವರು. ಮಾತು ನೇರ ನಾಟಿತು. ಅಂದಿನಿಂದ ಕ್ಯಾಪೋ ನನ್ನ ಪಾಲಿಗೆ ಮರ್ಯಾದೆಗೇಡಿನ ವಸ್ತುವಾಯಿತು.

ಇನ್ನು ಚಿಗವ್ವ. ಅವ್ವನ ತಂಗಿ, ನಮ್ಮ ಓಣಿಯಲ್ಲೇ ಮನೆ, ಜಂಪರ್ ಹೊಲಿಯುವ ಕೆಲಸ. ಅವಳಿಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವಳನ್ನು ತೊಟ್ಟಿಲ ಶಾಸ್ತ್ರಕ್ಕೆ ಕರೆಯಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ಈಗಲೂ ನೋಡುವವರಿದ್ದಾರೆ, ಅವರ ಬಾಯಿಗೆ ಬೂದಿ ಬೀಳಲಿ. ಆದರೆ ಚಿಗವ್ವನನ್ನು ಬಿಟ್ಟು ಯಾರೂ ಕೂಸಿಗೆ ಹೆಸರಿಡುತ್ತಿರಲಿಲ್ಲ, ಯಾಕೆಂದರೆ ಜೋಗುಳ ಎತ್ತುವುದು ಅವಳೇ ಆಗಬೇಕಿತ್ತು. ಚಿಗಟೇರಿಯಿಂದ ಕೂಡ ಕರೆಯಲು ಬರುತ್ತಿದ್ದರು. ತೊಟ್ಟಿಲ ತಲೆಗಡೆಯ ಜಾಗ ಅವಳದು. ಆ ಜಾಗವನ್ನು ಅವಳಿಗೆ ಕೊಟ್ಟದ್ದು ಹಾಡೊಂದೇ.

ನಮ್ಮಲ್ಲಿ ಹೆಂಗಸರ ಹಾಡಿಗೆ ಒಂದು ಪದ್ಧತಿಯಿದೆ. ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಎತ್ತಿದವಳ ಕೊರಳು ಎಲ್ಲಿ ನಿಂತಿತೋ ಅದೇ ಶ್ರುತಿ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳಿಕೊಡುವುದಿಲ್ಲ.

ನಮ್ಮಕ್ಕನ ಮೊದಲ ಕೂಸಿಗೆ ಹೆಸರಿಡುವ ದಿನ, ಮನೆ ತುಂಬ ಹೆಂಗಸರು, ಗುಗ್ಗರಿಯ ಘಮ. ನಾನು ಹೊಸ ಗಿಟಾರ್ ಹಿಡಿದು ತೊಟ್ಟಿಲ ಪಕ್ಕ ಕುಳಿತಿದ್ದೆ. ಕೂಸನ್ನು ತೊಟ್ಟಿಲ ಮೇಲೊಮ್ಮೆ ಕೆಳಗೊಮ್ಮೆ ದಾಟಿಸಿದರು. ಚಿಗವ್ವ ಪದ ಎತ್ತಲು ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ.

"ತಡಿ ಚಿಗವ್ವ. ನಾನು ಶ್ರುತಿ ಕೊಡತೀನಿ, ಅದಕ್ಕ ಎತ್ತು."

ನನಗೆ ಆಗ ಸರಾಗವಾಗಿ ಬರುತ್ತಿದ್ದದ್ದು ಸಿ ಶ್ರುತಿ ಒಂದೇ. ಅದು ಅವಳ ಕೊರಳಿಗಿಂತ ಮೇಲಿತ್ತು. ಅವಳು ನನ್ನ ಮೇಲಿನ ಅಕ್ಕರೆಗೆ ಒಪ್ಪಿ ಅಲ್ಲಿಂದಲೇ ಎತ್ತಿದಳು. ಮೊದಲ ಸಾಲು ಹೇಗೋ ಹೋಯಿತು. ಎರಡನೆಯ ಸಾಲು ಮೇಲಕ್ಕೆ ಏರುವಲ್ಲಿ ಅವಳ ದನಿ ಒಡೆಯಿತು. ಹಿಡಿಯಬೇಕಾದ ಹೆಂಗಸರು ದಿಕ್ಕು ತಪ್ಪಿ, ಕೆಲವರು ಮೇಲೆ, ಕೆಲವರು ತಮ್ಮ ಹಳೇ ಜಾಗದಲ್ಲಿ. ಯಾರೋ ಕಿಸಕ್ಕನೆ ನಕ್ಕರು. ಚಿಗವ್ವ "ಗಂಟಲು ಹಿಡಕಂತು ನೋಡ್ರಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಬೇರೊಬ್ಬಳು ಹಾಡು ಮುಗಿಸಿದಳು. ನಾನು ನುಡಿಸುತ್ತಲೇ ಇದ್ದೆ. ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅಲ್ಲಿಂದಾಚೆ ಯಾರು ಕರೆಯಲು ಬಂದರೂ ಚಿಗವ್ವನದು ಒಂದೇ ಉತ್ತರ: "ಟೇಪ್ ಹಚ್ಚಿಬಿಡ್ರಿ. ಅದರಾಗ ಚಲೋ ಹಾಡ್ತಾರ." ಜನ ಹಾಗೇ ಮಾಡಿದರು. ಮುಂದಿನ ಎರಡು ಶಾಸ್ತ್ರಗಳಲ್ಲಿ ನಾನೇ ಕಣ್ಣಾರೆ ನೋಡಿದೆ, ಅವಳು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ನಿಂತಿದ್ದಳು. ತಲೆಗಡೆ ಬಾ ಎಂದು ಯಾರೂ ಕರೆಯಲಿಲ್ಲ.

ಉಸ್ತಾದರ ಬಳಿ ಹೋಗಿ, ಚಿಗವ್ವ ಶ್ರುತಿ ತಪ್ಪಿದಳು ಎಂದು ದೂರು ಹೇಳಿದೆ ನೋಡಿ, ನನ್ನ ಬುದ್ಧಿ ಅಷ್ಟಿತ್ತು. ಅವರು ಕೈಯಲ್ಲಿದ್ದ ಸುರುಳಿ ಕೆಳಗಿಟ್ಟರು.

"ಆಕಿ ತಪ್ಪಲಿಲ್ಲಲೇ, ನೀನು ತಪ್ಪಿದಿ. ಹಾಡಾಕಿ ಎತ್ತಿದ್ದ ಶ್ರುತಿ. ಅಷ್ಟು ಮಂದಿ ಹೆಣ್ಮಕ್ಕಳ ನಡುವ ನೀನು ಯಾವಾತ ಶ್ರುತಿ ಕೊಡಾಕ?"

"ಆಕೀ ಶ್ರುತಿ ನನಗ ಬರಂಗಿಲ್ಲ ಉಸ್ತಾದ್ರ."

"ಬರದಿದ್ರ ಕ್ಯಾಪೋ ಹಾಕಬೇಕಿತ್ತು."

"ನೀವ ಬ್ಯಾಡ ಅಂದಿದ್ರಿ."

"ನಿನ್ನ ಬೆರಳಿಗೆ ಬ್ಯಾಡ ಅಂದಿದ್ದೆ. ಆಕಿ ಕೊರಳಿಗೆ ಬ್ಯಾಡ ಅಂದಿದ್ನೇನು?"

ಎದ್ದು ಹೋಗಿ ಮೂಲೆಯಲ್ಲಿದ್ದ ಹರಕು ಸೈಕಲ್ ಟ್ಯೂಬಿನಿಂದ ಬೆರಳಗಲದ ಪಟ್ಟಿ ಕತ್ತರಿಸಿದರು. ಕಿವಿಯ ಮೇಲಿದ್ದ ಪೆನ್ಸಿಲನ್ನು ಗಿಟಾರಿನ ಕತ್ತಿಗೆ ಅಡ್ಡ ಇಟ್ಟು, ಆ ರಬ್ಬರಿನಿಂದ ಬಿಗಿದು ಕಟ್ಟಿದರು. ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಜಾಗಕ್ಕೆ ಅವರು ಮನಿ ಎನ್ನುತ್ತಿದ್ದರು. "ಆಕಿ ಹಾಡು ನಾನೂ ಕೇಳೀನಿ. ಜಿ ಶ್ರುತಿ ಆಕಿ ಕೊರಳಿಗಿಂತ ಕೆಳಗ, ಅದನ್ನ ಏರಿಸಾಕ ಮೂರನೇ ಮನಿಗೆ ಕಟ್ಟೀನಿ. ಜಿ ಶ್ರುತಿಯ ಬೆರಳು ಕಲಿ, ಅಷ್ಟು ಸಾಕು. ಮೊದಲು ಹೋಗಿ ಆಕಿ ಎಲ್ಲಿ ಎತ್ತತಾಳ ಕೇಳು. ಕೇಳೋದು ಕಲಿಸಿರಲಿಲ್ಲ ನೋಡು ನಿನಗ, ಅದು ನಂದೂ ತಪ್ಪು."

ಎರಡು ತಿಂಗಳು ನಾನು ಚಿಗವ್ವನ ಪಡಸಾಲೆಯಲ್ಲಿ ಗಿಟಾರ್ ಹಿಡಿದು ಸುಮ್ಮನೆ ಕೂತೆ. ಅವಳು ಹೊಲಿಯುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಚಹಾ ಮಾತ್ರ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ತೋಳಿನ ಹೊಲಿಗೆ ಬಿಚ್ಚುತ್ತ ತನ್ನಷ್ಟಕ್ಕೆ ಗುನುಗಿದಳು. ಉಸ್ತಾದರ ಕಿವಿ ಸುಳ್ಳಾಗಲಿಲ್ಲ, ಸರಿಯಾಗಿ ಮೂರನೇ ಮನೆ. ನಾನು ಮೆಲ್ಲಗೆ ಒಂದು ಸಲ ಮೀಟಿದೆ. ಅವಳು ನಿಲ್ಲಿಸಿದಳು. ಪೆನ್ಸಿಲು, ಟ್ಯೂಬು ನೋಡಿದಳು.

"ಅದರ ಕುತ್ತಿಗಿಗೆ ಏನೋ ಅದು ಕಟ್ಟು? ಗಾಯ ಆಗೈತೇನು?"

"ಹೂಂ ಚಿಗವ್ವ. ನಾನ ಮಾಡಿದ್ದು."

ಅವಳು ನಗಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಅದೇ ಹಾಡನ್ನು ಮೊದಲಿನಿಂದ ಎತ್ತಿದಳು. ನಾನು ಹಿಡಿದೆ.

ಮುಂದೆ ನನಗೆ ಮದುವೆಯಾಯಿತು. ಮಗಳಿಗೆ ಹೆಸರಿಟ್ಟದ್ದು ಕೂಡ್ಲಿಗಿಯಲ್ಲಿ, ಹೆಂಡತಿಯ ತವರಿನಲ್ಲಿ. ಮಕ್ಕಳಿಲ್ಲದವಳು ಬಂದಿದ್ದಾಳೆಂದು ಅಲ್ಲಿ ಒಬ್ಬಿಬ್ಬರು ಗುಸುಗುಸು ಅಂದರು. ನಾನು ಚಿಗವ್ವನ ಕೈಹಿಡಿದು ತೊಟ್ಟಿಲ ತಲೆಗಡೆ ಕೂರಿಸಿದೆ. ಅವಳು ಎತ್ತಿದಳು, ಮನೆಯೆಲ್ಲ ಹಿಡಿಯಿತು, ಗುಸುಗುಸು ಎಂದವರೂ ಹಿಡಿದರು. ಆಮೇಲೆ ಹೊಸ ಜೋಡಿಯಂತೆ ನಮ್ಮಿಬ್ಬರಿಗೂ ಊರೂರಿಂದ ಕರೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಹಾಕಿದೆ, ಶಾಸ್ತ್ರವಿದ್ದ ದಿನ ಬಾಗಿಲು ಹಾಕಿ ಬಸ್ ಹತ್ತುತ್ತಿದ್ದೆ. ಕೋಗಳಿಯಲ್ಲಿ ಒಮ್ಮೆ ಟ್ಯೂಬು ಹರಿದು ಪೆನ್ಸಿಲು ತೊಟ್ಟಿಲೊಳಗೆ ಬಿತ್ತು, ಮಗು ವಿದ್ಯಾವಂತ ಆಗ್ತಾನೆಂದು ಅಜ್ಜಿಯೊಬ್ಬಳು ಖುಷಿಪಟ್ಟಳು. ಆಮೇಲೆ ದಾವಣಗೆರೆಯಿಂದ ಸ್ಟೀಲಿನ ಕ್ಯಾಪೋ ತಂದೆ. ಉಸ್ತಾದ್ ಅದನ್ನು ತಿರುಗಿಸಿ ನೋಡಿ, "ಬಟ್ಟಿ ಒಣಹಾಕೋ ಕ್ಲಿಪ್ಪಿಗೆ ಇಷ್ಟು ಸೊಗಸ ಯಾಕಲೇ" ಎಂದರು.

ಯಾವ ವರ್ಷವೋ ನೆನಪಿಲ್ಲ, ಒಂದು ಶಾಸ್ತ್ರದಲ್ಲಿ ಅವಳು ಎತ್ತಿದಾಗ ಕ್ಯಾಪೋವನ್ನು ಎರಡನೇ ಮನೆಗೆ ಸರಿಸಬೇಕಾಯಿತು. ನೆಗಡಿ ಎಂದುಕೊಂಡೆ. ನೆಗಡಿ ಹೋಯಿತು, ಕ್ಯಾಪೋ ಮೇಲೆ ಏರಲಿಲ್ಲ. ವಯಸ್ಸಾದಂತೆ ಅವಳ ಕೊರಳು ಇಳಿಯುತ್ತಿತ್ತು, ಕೆಲವು ವರ್ಷಕ್ಕೆ ಒಂದನೇ ಮನೆ. ಕೊರೋನಾ ಮುಗಿದ ಮೇಲೆ ಮತ್ತೆ ಕರೆಗಳು ಶುರುವಾದಾಗ ಕ್ಯಾಪೋ ಬೇಕಾಗಲೇ ಇಲ್ಲ, ಬರೀ ತಂತಿಯೇ ಅವಳ ಶ್ರುತಿಯಾಗಿತ್ತು. ಸರಿಸಿದ್ದನ್ನು ಅವಳಿಗೆ ಕಾಣದಂತೆ, ತಿರುಗಿ ಕೂತು ಮಾಡುತ್ತಿದ್ದೆ. ಅಷ್ಟರಲ್ಲಿ ಉಸ್ತಾದ್ ತೀರಿಕೊಂಡರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮುಂದಿನದನ್ನು ಕೇಳಲು ನನಗೆ ಯಾರೂ ಇರಲಿಲ್ಲ.

ಹೋದ ತಿಂಗಳು ಹರಪನಹಳ್ಳಿಯ ಅಕ್ಕನ ಮನೆಯಲ್ಲಿ ಶಾಸ್ತ್ರ. ಅಂದು ನಾನು ಹಾಡು ಕೆಡಿಸಿದ ಶಾಸ್ತ್ರದ ಕೂಸು ಬೆಳೆದು, ತನ್ನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚಿಗವ್ವ ತೊಟ್ಟಿಲಿಗೆ ಹೂ ಕಟ್ಟುತ್ತ ಗುನುಗುತ್ತಿದ್ದಳು. ಕೇಳಿದೆ. ಬರೀ ತಂತಿಗಿಂತಲೂ ಕೆಳಗೆ. ಕ್ಯಾಪೋ ಏರಿಸಬಲ್ಲದು, ಇಳಿಸಲಾರದು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಆರೂ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದೆ. ಅಳು ಬಂತು, ಅತ್ತೆ. ಮುಖ ತೊಳೆದುಕೊಂಡು ಒಳಗೆ ಬಂದೆ.

ಅವಳು ತಲೆಗಡೆಯ ತನ್ನ ಜಾಗದಲ್ಲಿ ಕೂತಿದ್ದಳು. ಎತ್ತಿದಳು. ತಂತಿಗಳು ಜೋಲು ಬಿದ್ದು ಸ್ವಲ್ಪ ಗುರ್‌ಗುಟ್ಟಿದವು, ಆದರೆ ಅವಳ ದನಿ ಎರಡನೆಯ ಸಾಲಿನಲ್ಲಿ ಒಡೆಯಲಿಲ್ಲ. ಎಲ್ಲರೂ ಹಿಡಿದರು. ಕೂಸು ನಿದ್ದೆ ಹೋಯಿತು.

ಗುಗ್ಗರಿ ತಿನ್ನುವಾಗ ಚಿಗವ್ವ ಗಿಟಾರಿನ ಬರಿಗತ್ತನ್ನು ಬೆರಳಿಂದ ಮುಟ್ಟಿದಳು.

"ಭಾಳ ದಿನ ಆತು, ಕಟ್ಟು ಕಟ್ಟಾಕ ಹತ್ತಿಲ್ಲಲ್ಲೋ ತಮ್ಮಾ?"

"ಬ್ಯಾಡ ಅನಿಸ್ತು ಚಿಗವ್ವ."

"ಹಂಗಾದ್ರ ಗಾಯ ಮಾಯ್ದೈತಿ ಬಿಡು" ಎಂದು ನನ್ನ ಎಲೆಗೆ ತನ್ನ ಪಾಲಿನ ಗುಗ್ಗರಿಯನ್ನೂ ಸುರಿದಳು.