ಆಕಾಶದ ಕರಾರಿಗೆ ಸಹಿ ಹಾಕದ ಬಸವಂತರಾಯರು

ರಾಕೆಟ್ಟು ಹಾರಿಸುವ ದೇಶಗಳು ಬಾಹ್ಯಾಕಾಶದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಅಂತರರಾಷ್ಟ್ರೀಯ ಚರ್ಚೆಯನ್ನು ಈ ಸೀಮೆಯ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ತಿಳಿಯಹೇಳಿದವರು, ಲಿಂಗಸುಗೂರಿನಲ್ಲಿ ರಾಜ್ಯಶಾಸ್ತ್ರ ಬೋಧಿಸಿ ಈಗ, ೧೯೯೭ರಲ್ಲಿ, ನಿವೃತ್ತರಾದ ಪ್ರೊ. ಬಸವಂತರಾಯರು. ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ದೇವರಾಗಿಬಿಡುತ್ತಾರೆ. ನನಗೆ ಅಂಥ ಗ್ರಂಥಗಳ ಮೇಲೆ ನಂಬಿಕೆಯಿಲ್ಲ. ಅನುಮಾನಿಸುವುದನ್ನು ಕಲಿಸಿದ ಗುರುಗಳಿಗೆ ಅನುಮಾನವನ್ನೇ ಕಾಣಿಕೆಯಾಗಿ ಒಪ್ಪಿಸುತ್ತಿದ್ದೇನೆ.

ಪುಸ್ತಕ ಕೊಳ್ಳಲಾಗದ ನಮಗಾಗಿ ಅವರು ೧೯೮೧ರಲ್ಲಿ ಮಸ್ಕಿಯಲ್ಲಿ ಓದುಬಳಗ ಕಟ್ಟಿದರು. ಜ್ವರದಿಂದ ನಡುಗುತ್ತಿದ್ದ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ದರು. ಬಳಗಕ್ಕೊಂದು ಕಟ್ಟಳೆಯಿತ್ತು, ಕಾಲುವೆ ನೀರಿನ ಪಂಚಾಯ್ತಿಯಿಂದ ತಂದದ್ದು: ಕೊನೆಭಾಗದ ಹೊಲದವನೇ ಮೊದಲು ಮಾತಾಡಬೇಕು. ಮೇಲಿನವನು ಮೊದಲಾದರೆ ಕೆಳಗಿನವನಿಗೆ ನೀರಿರಲಿ, ಮಾತೂ ಉಳಿಯುವುದಿಲ್ಲ ಎನ್ನುತ್ತಿದ್ದರು.

೧೯೮೭ರಲ್ಲಿ ದಿಲ್ಲಿಯ ವಿದ್ವಾಂಸರ ಮಂಡಳಿಯೊಂದು ಬಾಹ್ಯಾಕಾಶದ ನಡತೆಯ ಕರಡು ಕಳಿಸಿ ಅವರ ಸಹಿ ಕೇಳಿತು. ಸಹಿ ಹಾಕಿದವರಿಗೆ ಜಿನೀವಾದ ಸಭೆಗೆ ಹೋಗುವ ಅವಕಾಶ. ಜಿನೀವಾದ ಆಸೆಗೆ ಮಾಸ್ತರು ಜಾರಿದರೆಂದೇ ನಾವು ಗುಮಾನಿಪಟ್ಟೆವು. ಅವರು ಕರಡನ್ನು ಬಳಗದ ಮುಂದೆ ಓದಿದರು. ಉಪಗ್ರಹವುಳ್ಳ ದೇಶಗಳು ತಾವು ಮಾಡುವುದನ್ನು ಉಳಿದವರಿಗೆ ‘ಸಾಧ್ಯವಾದಷ್ಟು ಮಟ್ಟಿಗೆ’ ತಿಳಿಸಬೇಕು ಎಂದಿತ್ತು. ಅರವತ್ತೇಳರ ಬಾಹ್ಯಾಕಾಶ ಒಪ್ಪಂದದಲ್ಲೂ ಇದೇ ಜಾರುದಾರಿ ಇದೆಯೆಂದು ಅವರೇ ವಿವರಿಸಿದರು. ಕಟ್ಟಳೆಯಂತೆ ಮೊದಲು ಮಾತಾಡಿದವನು ಬಳಗಕ್ಕೆ ಬರುತ್ತಿದ್ದ, ಕಾಲುವೆಯ ಕೊನೆಭಾಗದ ರೈತ ದುರುಗಪ್ಪ.

“ಮಾಸ್ತರ್ರ, ಗೊರೇಬಾಳದಾಗ ನಿಮ್ಮ ತಮ್ಮಂದ್ರೂ ಹಿಂಗ ಅಂತಾರ್ರೀ, ಸಾಧ್ಯ ಆದಷ್ಟು ನೀರು ಬಿಡ್ತೀವಿ ಅಂತ. ಹಂಗ ಅಂದು ಕಾಲುವಿಗೆ ಕಳ್ಳಪೈಪು ಹಾಕ್ಯಾರ. ನೀವು ಆಕಾಶ ಕಾಯಾಕ ಹೊಂಟೀರಿ.”

ಗೊರೇಬಾಳ ಇರುವುದು ಕಾಲುವೆಯ ಮೇಲ್ಭಾಗದಲ್ಲಿ. ಅಲ್ಲಿನ ತಮ್ಮಂದಿರ ಗದ್ದೆಗಳಲ್ಲಿ ಗುರುಗಳ ಪಾಲೂ ಇತ್ತು.

ಅವರು ದಿಲ್ಲಿಗೆ ಹೋಗಿ ಕರಡಿನ ಆ ‘ಸಾಧ್ಯವಾದಷ್ಟು’ ಎಂಬ ಮಾತನ್ನು ತೆಗೆಯಿರೆಂದು ವಾದಿಸಿದರಂತೆ. ತೆಗೆದರೆ ದೊಡ್ಡ ದೇಶಗಳು ಒಪ್ಪವು ಎಂದರಂತೆ ಮಂಡಳಿಯವರು. ಗುರುಗಳು ಸಹಿ ಹಾಕದೆ ಮರಳಿದರು, ಜಿನೀವಾ ತಪ್ಪಿತು. ಸಿಂಧನೂರಿನಲ್ಲಿ ಬಸ್ಸಿಳಿದವರು ಮನೆಗೂ ಬರದೆ ಗೊರೇಬಾಳಕ್ಕೆ ಹೋಗಿ ಪೈಪು ಕೀಳಿಸಿದರು. ತಮ್ಮಂದಿರು ಇಂದಿಗೂ ಅವರೊಡನೆ ಮಾತಾಡುವುದಿಲ್ಲ.

ಇದನ್ನು ತ್ಯಾಗವೆಂದು ನಾನು ಬರೆಯಲಾರೆ. ಕದ್ದ ನೀರು ಬಿಟ್ಟುಕೊಡುವುದು ತ್ಯಾಗವಲ್ಲ. ಆದರೆ ಆಕಾಶಕ್ಕೊಂದು, ಅಣ್ಣತಮ್ಮಂದಿರ ಗದ್ದೆಗೊಂದು ನ್ಯಾಯ ಇಟ್ಟುಕೊಳ್ಳದವರನ್ನು ನಾನು ಹೆಚ್ಚು ಕಂಡಿಲ್ಲ.

ಕಳೆದ ತಿಂಗಳ ಬೀಳ್ಕೊಡುಗೆಯಲ್ಲಿ ಗುರುಗಳು ಹಾರ ಹಿಡಿದು ನಿಂತ ಗಣ್ಯರನ್ನು ತಡೆದು, ಮೊದಲು ದುರುಗಪ್ಪ ಮಾತಾಡಲಿ ಎಂದರು.

“ನೀರು ಬರಾಕತ್ತೈತ್ರೀ,” ಎಂದ ದುರುಗಪ್ಪ. “ಆದ್ರೂ ನಾ ಆಗಾಗ ಗೊರೇಬಾಳಕ್ಕ ಹೋಗಿ ನೋಡಿ ಬರ್ತೀನಿ.”

ಗುರುಗಳು ತಲೆಯಾಡಿಸಿ, ಆಮೇಲೆ ಹಾರಕ್ಕೆ ಕೊರಳೊಡ್ಡಿದರು. ಒಪ್ಪಂದದಲ್ಲಿ ಆ ‘ಸಾಧ್ಯವಾದಷ್ಟು’ ಇನ್ನೂ ಹಾಗೇ ಕೂತಿದೆ. ಅದು ಏಳುವವರೆಗಾದರೂ ಅವರು ಬಾಳಲಿ, ಬಳಗ ನಡೆಸಲಿ. ದುರುಗಪ್ಪನಂತೆ ನಾವೂ ಆಗಾಗ ಅವರ ಬಳಿ ಹೋಗಿ ನೋಡಿ ಬರುತ್ತಿರುತ್ತೇವೆ.