ಅಟ್ಟೆಯ ಕೆಂಪು ಮಣ್ಣು

ಭಾನುವಾರದ ಸೈಕಲ್ ಸವಾರಿ ಮುಗಿಸಿ ಬಂದ ನನ್ನ ಗಂಡ ಶೂಗಳನ್ನು ಬಾಗಿಲ ಹೊರಗೆ ಬಿಟ್ಟು ಸ್ನಾನಕ್ಕೆ ಹೋಗಿದ್ದರು. ಕಸ ಗುಡಿಸಲೆಂದು ಅವನ್ನು ಎತ್ತಿದೆ. ಅಟ್ಟೆಯ ಸಂದುಗಳಲ್ಲೆಲ್ಲ ಕೆಂಪು ಮಣ್ಣು ತುಂಬಿತ್ತು.

ಬಾಗಲಕೋಟೆಯಿಂದ ಶಿರೂರು, ಕಮತಗಿ ದಾಟಿ ಅಮೀನಗಡಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ, ನನಗೆ ನೆನಪಿರುವ ಮಟ್ಟಿಗೆ, ಎರೆ ಹೊಲಗಳು. ಅಲ್ಲಿನ ಮಣ್ಣು ಕಪ್ಪು. ನಾವು ಮಸಾರಿ ಅನ್ನುವ ಈ ಕೆಂಪು ಮಣ್ಣು ಗುಳೇದಗುಡ್ಡದ ಕಡೆಯದು, ಬಾದಾಮಿ ಗುಡ್ಡಗಳದ್ದು. ಆ ಗುಡ್ಡಗಳನ್ನು ಸೈಕಲ್ ಮೇಲೆ ಹತ್ತಬಾರದು ಎಂದು ಡಾಕ್ಟರು ಹೇಳಿ ಇನ್ನೂ ವರ್ಷ ಆಗಿರಲಿಲ್ಲ. ಅವರ ಹೃದಯದ ರಕ್ತನಾಳದಲ್ಲಿ ಒಂದು ಸ್ಟೆಂಟ್ ಇದೆ.

ಡಾಕ್ಟರು ಹೇಳಿದರು ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಅವತ್ತು ಒಂದೇ ಕೋಣೆಯಲ್ಲಿ ಪಕ್ಕ ಪಕ್ಕ ಕೂತು ಇಬ್ಬರೂ ಕೇಳಿಸಿಕೊಂಡೆವು. ನನಗೆ ಕೇಳಿಸಿದ್ದು ‘ಏರು ಬ್ಯಾಡ’. ಅವರಿಗೆ ಕೇಳಿಸಿದ್ದು ‘ಏರಿನಾಗ ಅವಸರ ಬ್ಯಾಡ’. ದಿನಚರಿಯಲ್ಲಿ ನಾನು ಬರೆದುಕೊಂಡಿದ್ದೇನೆ ನಿಜ, ಆದರೆ ಅದರಿಂದ ಏನು ಸಾಬೀತಾಗುತ್ತದೆ? ಅವತ್ತು ಹೆದರಿದ್ದ ಹೆಂಗಸೊಬ್ಬಳು ಏನು ಕೇಳಿಸಿಕೊಂಡಳು ಎಂಬುದಷ್ಟೇ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಒಂದೇ ಕಡೆಯವರ ದಾಖಲೆಯನ್ನು ನಂಬಬೇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ.

ಅವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಕೇಳಿದೆ.

“ಎಲ್ಲೀ ತನಕ ಹೋಗಿದ್ರಿ?”

“ಅಮೀನಗಡ. ಕರದಂಟು ತಂದೇನಿ ನೋಡು, ಟೇಬಲ್ ಮ್ಯಾಲ ಐತಿ.”

ಕೇಳುವ ಮೊದಲೇ ಸಾಕ್ಷಿ ಹಾಜರಾಗಿತ್ತು. ಅಮೀನಗಡದ ಕರದಂಟು ನಮ್ಮ ಬಸ್ ಸ್ಟ್ಯಾಂಡ್ ಹತ್ತಿರವೂ ಸಿಗುತ್ತದೆ.

“ಶೂದಾಗ ಮಸಾರಿ ಮಣ್ಣು ಐತಿ.”

“ಕಮತಗಿ ಹತ್ರ ರಸ್ತಾ ಕೆಲಸ ನಡದೈತಿ. ಗರಸು ಹಾಕ್ಯಾರ.” ಟವೆಲ್ಲನ್ನು ಹಗ್ಗಕ್ಕೆ ಹಾಕಿ, “ನೀ ಮಾಸ್ತರಕಿ ಬಿಟ್ಟು ಪೊಲೀಸ್ ಆಗಬೇಕಿತ್ತು,” ಅಂದರು.

ರಸ್ತೆಗೆ ಕೆಂಪು ಗರಸು ಹಾಕಿರಲೂಬಹುದು. ಆ ಕಡೆ ಹೋಗಿ ನನಗೂ ತಿಂಗಳುಗಳಾಗಿದ್ದವು.

ಅವರ ಗೆಳೆಯರ ಗುಂಪಿಗೆ ಎರಡು ದಾರಿಗಳು. ಒಂದು ಬಯಲು ದಾರಿ: ಬಾಗಲಕೋಟೆಯಿಂದ ಅಮೀನಗಡ, ಹುನಗುಂದ, ಹುಮ್ಮಸ್ಸಿದ್ದರೆ ಇಳಕಲ್ಲು. ಅಲ್ಲಿ ಶತ್ರು ಎಂದರೆ ಎದುರುಗಾಳಿ ಮಾತ್ರ. ಇನ್ನೊಂದು ಗುಡ್ಡದ ದಾರಿ: ಶಿರೂರಿನಿಂದ ಗುಳೇದಗುಡ್ಡ, ಅಲ್ಲಿಂದ ಬಂಡೆಗಳ ನಡುವೆ ಏರಿ ಇಳಿದು ಬಾದಾಮಿ. ಬಿಸಿಲು ಸ್ವಲ್ಪ ಮೇಲೆ ಬಂದರೆ ಸಾಕು, ಆ ಬಂಡೆಗಳು ಒಲೆಯ ಮೇಲಿಟ್ಟ ಹಂಚಿನ ಹಾಗೆ ಕಾವು ಬಿಡುತ್ತವೆ. ಆಪರೇಷನ್‌ಗೆ ಮೊದಲು ನನ್ನ ಗಂಡನಿಗೆ ಬಯಲು ದಾರಿ ಎಂದರೆ ತಾತ್ಸಾರ. “ಅದು ಹಾಲು ಹಾಕಾಂವ ಹೋಗೂ ದಾರಿ,” ಅನ್ನುತ್ತಿದ್ದರು. ಈಗ ಅದೇ ದಾರಿಯನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ನನಗೆ ಮೊದಲು ಅನುಮಾನ ಬಂದದ್ದೇ ಆ ವಿಧೇಯತೆಯ ಮೇಲೆ.

ಇನ್ನೂ ಒಂದು ವಿಷಯವಿತ್ತು. ಹೋದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ತೋರಿಸುವ ಆ್ಯಪ್ ಒಂದು ಅವರ ಫೋನಿನಲ್ಲಿತ್ತು. ಎಲ್ಲಿ ಎಷ್ಟು ಏರಿದೆ, ಎಷ್ಟು ವೇಗದಲ್ಲಿ ಏರಿದೆ ಎಂದು ಮೊದಲೆಲ್ಲ ಉಪ್ಪಿಟ್ಟು ಆರುವ ತನಕ ತೋರಿಸುತ್ತಿದ್ದರು. ಈಗ ಅದನ್ನು ಹಚ್ಚುವುದೇ ಇಲ್ಲ. ಯಾಕೆ ಎಂದರೆ, “ಬ್ಯಾಟರಿ ಭಾಳ ತಿಂತೈತಿ,” ಎಂಬ ಉತ್ತರ.

ಪಕ್ಕದ ಮನೆಯಾಕೆ ಹಿರಿಯಳು, ನಾನು ಅಕ್ಕ ಎಂದು ಕರೆಯುವವಳು. ಅವಳ ಮುಂದೆ ಬಾಯಿ ಬಿಟ್ಟೆ.

“ಐವತ್ತು ದಾಟಿದ ಗಂಡಸು ಮೈಗೆ ಅಂಟೂ ಅಂಗಿ ಹಾಕ್ಕೊಂಡು ನಸಿಕಿನಾಗ ಹೊಂಟ ಅಂದ್ರ, ಹಿಂದ ಹೋಗಿ ನೋಡಬೇಕವಾ,” ಅಂದಳು.

“ಮತ್ತೊಬ್ಬಾಕಿ ಇದ್ರ ನನಗ ಇಷ್ಟು ಚಿಂತಿ ಇಲ್ಲಕ್ಕಾ. ಆಕಿ ಮನಿ ಬಯಲಿನಾಗ ಇದ್ರ ಸಾಕು.”

ಅಕ್ಕ ನಕ್ಕಳು. ನಾನೂ ನಕ್ಕೆ. ಆದರೆ ಆ ವಾರವೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ ಚಿತ್ರ: ಏರಿನ ಅರ್ಧದಲ್ಲಿ ರಸ್ತೆಯ ಅಂಚಿಗೆ ಬಿದ್ದ ಸೈಕಲ್ಲು, ಅದರ ಮೇಲಿನ ಗಾಲಿ ಇನ್ನೂ ತಿರುಗುತ್ತಿರುವುದು.

ಮುಂದಿನ ಭಾನುವಾರ ಅವರು ಹೊರಟ ಸ್ವಲ್ಪ ಹೊತ್ತಿಗೆ ನಾನು ಸ್ಕೂಟಿ ತೆಗೆದೆ. ಕೇಳಿದರೆ ಹೇಳಲಿಕ್ಕೆ ಒಂದು ಸುಳ್ಳನ್ನೂ ಸಿದ್ಧಮಾಡಿಕೊಂಡಿದ್ದೆ: ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆ ಕಣದ ಬಟ್ಟೆ ತರಬೇಕು. ಅಷ್ಟು ಬೆಳಿಗ್ಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ ಎಂಬುದು ದಾರಿಯಲ್ಲಿ ಹೊಳೆಯಿತು.

ಶಿರೂರು ಸಮೀಪಿಸುವಾಗ ದೂರದಲ್ಲಿ ಅವರ ಕಿತ್ತಳೆ ಬಣ್ಣದ ಅಂಗಿ ಕಂಡಿತು. ನೇರ ಹೋದರೆ ಕಮತಗಿ. ಅಂಗಿ ಗುಳೇದಗುಡ್ಡದ ಕಡೆ ತಿರುಗಿತು. ಸ್ಕೂಟಿ ನಿಲ್ಲಿಸಿದೆ. ತಿಳಿಯಬೇಕಾದದ್ದು ತಿಳಿದಾಗಿತ್ತು, ತಿರುಗಿ ಮನೆಗೆ ಹೋಗಿ ಜಗಳಕ್ಕೆ ಸಿದ್ಧಳಾಗಬಹುದಿತ್ತು. ಆದರೆ ಬಿದ್ದ ಸೈಕಲ್ಲಿನ ಚಿತ್ರ ಬಿಡಲಿಲ್ಲ, ಹಿಂದೆಯೇ ಹೋದೆ. ಗುಳೇದಗುಡ್ಡದ ಪೇಟೆಯಲ್ಲಿ ಕುರಿಗಳ ಹಿಂಡು ಅಡ್ಡ ಬಂತು. ಅವು ಸರಿಯುವ ಹೊತ್ತಿಗೆ ಕಿತ್ತಳೆ ಅಂಗಿ ಕಣ್ಮರೆಯಾಗಿತ್ತು. ಹುಡುಕುತ್ತ ತಪ್ಪು ದಾರಿ ಹಿಡಿದು ತಿರುಗಿ ಬರುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು.

ಊರು ದಾಟಿದ ಮೇಲೆ ಏರು. ನಿಧಾನ ಹೋಗುತ್ತ ರಸ್ತೆಯ ಎರಡೂ ಅಂಚನ್ನು ನೋಡಿದೆ. ಜಾಲಿ ಗಿಡ, ಒಡೆದ ಬಾಟಲಿ, ಬಂಡೆಯ ಮೇಲೆ ಯಾವುದೋ ಪಕ್ಷದ ಹಳೆಯ ಬಣ್ಣದ ಅಕ್ಷರ. ಒಂದು ತಿರುವಿನಲ್ಲಿ ಏನೋ ಕಿತ್ತಳೆ ಕಂಡು ಬ್ರೇಕ್ ಹಾಕಿದೆ. ಗಾಳಿಗೆ ಬಂದು ಮುಳ್ಳಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ.

ಏರಿನ ತುದಿಯಲ್ಲಿ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ಪಕ್ಕದಲ್ಲಿ ತಗಡಿನ ಚಹಾ ಅಂಗಡಿ. ನಾನು ಅಲ್ಲಿಗೆ ಹಿಂದೆಂದೂ ಹೋಗಿರಲಿಲ್ಲ. ಆದರೂ ಗುರುತು ಹಿಡಿದೆ, ಯಾಕೆಂದರೆ ಆ ಕಟ್ಟೆಯ ಕಾನೂನನ್ನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಏರಿನಲ್ಲಿ ಎಲ್ಲೂ ಕಾಲು ಊರದೆ ಬಂದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬೇಕು. ಇಳಿದು ಸೈಕಲ್ ತಳ್ಳಿಕೊಂಡು ಬಂದವನು ನಿಂತು ಕುಡಿಯಬೇಕು. ಇವತ್ತು ಯಾರು ನಿಂತರು ಎಂದು ಮನೆಗೆ ಬಂದು ನಗುತ್ತ ಹೇಳುತ್ತಿದ್ದರು. ತಾವು ಒಮ್ಮೆಯೂ ನಿಂತವರಲ್ಲ, ಅವರ ಮಾತನ್ನು ನಂಬುವುದಾದರೆ.

ಮೂವರು ಗೆಳೆಯರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ನನ್ನ ಗಂಡ ನನಗೆ ಬೆನ್ನು ಮಾಡಿ ನಿಂತು ಚಹಾ ಕುಡಿಯುತ್ತಿದ್ದರು.

ಮೊದಲು ನನ್ನನ್ನು ನೋಡಿದವರು ಇಳಕಲ್ಲಿನ ಸೀರೆ ವ್ಯಾಪಾರಿ, ಗುಂಪಿನ ಮಾತುಗಾರ.

“ಬರ್ರಿ ವೈನಿ, ಬರ್ರಿ. ನೀವು ಎಲ್ಲೂ ಕಾಲು ಊರಿಲ್ಲಲ್ಲ? ಹಂಗಾರ ಕಟ್ಟಿ ಮ್ಯಾಲ ಕುಂದ್ರಾಕ ನಿಮಗ ಹಕ್ಕೈತಿ.”

ನನ್ನ ಗಂಡ ತಿರುಗಿದರು. ಮುಖದಲ್ಲಿ ಏನಿತ್ತು ಎಂದು ಈಗ ಬರೆಯಲು ಹೋದರೆ ನನಗೆ ಬೇಕಾದದ್ದನ್ನೇ ಬರೆದುಬಿಡುತ್ತೇನೆ. ಆಡಿದ ಮಾತು ಮಾತ್ರ ನೆನಪಿದೆ: “ಗಾಡಿ ಹಿಂದಿನ ಟೈರಿನಾಗ ಗಾಳಿ ಕಡಿಮಿ ಐತಿ. ಇಷ್ಟು ದೂರ ಯಾಕ ತಂದಿ?”

ಅವರ ಸೈಕಲ್ ಹ್ಯಾಂಡಲ್ಲಿನ ತುದಿಗೆ ಒಂದು ಸಣ್ಣ ಕನ್ನಡಿ ಇದೆ, ಹಿಂದಿನ ವಾಹನ ನೋಡಲಿಕ್ಕೆ. ಅದರ ಮೇಲೆ ನನ್ನ ಕಣ್ಣು ಹೋಯಿತು. ಶಿರೂರಿನಲ್ಲೇ ನನ್ನನ್ನು ನೋಡಿ, ಇವತ್ತೊಂದು ದಿನ ನಾಟಕಕ್ಕೆ ಇಳಿದು ತಳ್ಳಿರಬಹುದಲ್ಲ?

ಚಹಾದ ಅಂಗಡಿಯವಳು ನನಗೊಂದು ಕಪ್ಪು ಕೊಡುತ್ತ ತಾನಾಗಿಯೇ ಕೇಳಿದಳು: “ಅಕ್ಕಾರ, ಅಣ್ಣಾರಿಗೆ ಮೂಲವ್ಯಾಧಿ ಏನ್ರಿ? ಈಗೀಗ ಯಾವಾಗ ಬಂದ್ರೂ ನಿಂತಽ ಕುಡೀತಾರ. ಕುರ್ಚಿ ಕೊಡ್ತೇನಿ ಅಂದ್ರೂ ಒಲ್ಲೆ ಅಂತಾರ.”

ಕಟ್ಟೆಯ ಮೇಲಿದ್ದವರ ಚಹಾ ತುಳುಕಿತು. ಸೀರೆ ವ್ಯಾಪಾರಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ನನ್ನ ಗಂಡ ಮಾತ್ರ ಬಾದಾಮಿ ಕಡೆಯ ಗುಡ್ಡಗಳನ್ನು ನೋಡುತ್ತ ನಿಂತರು.

ಆಗ ಶೂಗಳ ವಿಷಯ ನನಗೆ ಅರ್ಥವಾಯಿತು. ಪೆಡಲ್ ತುಳಿಯುತ್ತಲೇ ಗುಡ್ಡ ಹತ್ತಿದವನ ಅಟ್ಟೆಗೆ ನೆಲ ತಾಗುವುದಿಲ್ಲ. ಕೆಂಪು ಮಣ್ಣು ಸಂದುಸಂದಿನಲ್ಲಿ ಕೂರಬೇಕಾದರೆ ರಸ್ತೆಯ ಅಂಚಿನಲ್ಲಿ ಬಹಳ ದೂರ ನಡೆದಿರಬೇಕು. ಆ ಆ್ಯಪ್ ಹಚ್ಚಿದ್ದರೆ ನಡಿಗೆಯ ವೇಗವನ್ನೂ ಅದು ಎಲ್ಲರಿಗೂ ತೋರಿಸುತ್ತಿತ್ತು. ಗುಡ್ಡಕ್ಕೆ ಹೋಗುತ್ತಾರೆ ಎಂಬ ನನ್ನ ಅನುಮಾನ ನಿಜವಾಗಿತ್ತು. ಅವರು ಮುಚ್ಚಿಟ್ಟದ್ದು ಮಾತ್ರ ಬೇರೆಯೇ ಆಗಿತ್ತು.

ಸ್ಕೂಟಿಯ ಹತ್ತಿರ ಇಬ್ಬರೇ ಆದಾಗ ಕೇಳಿದೆ. “ಯಾಕ ಹೇಳಲಿಲ್ಲ?”

“ಗುಡ್ಡಕ್ಕ ಹೋಗ್ತೇನಿ ಅಂದ್ರ ನೀ ಬೈತಿದ್ದಿ. ಸೈಕಲ್ ತಳ್ಳಕೊಂಡು ಹೋಗ್ತೇನಿ ಅಂದ್ರ ನಿನಗ ಸಮಾಧಾನ ಆಗ್ತಿತ್ತು.” ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. “ಬೈಗಳ ತಡಕೋಬಹುದು.”

ಇಳಿಜಾರಿನಲ್ಲಿ ಅವರು ನನ್ನ ಸ್ಕೂಟಿಯನ್ನೂ ಹಿಂದೆ ಹಾಕಿ ಹೋದರು. ಇಳಿಯುವುದರ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ. ಹೇಳಿದ್ದರೆ ಇಬ್ಬರಿಗೂ ನೆನಪಿಲ್ಲ.

ಆಮೇಲೆ ಒಂದು ಒಪ್ಪಂದದ ಹಾಗಾಯಿತು, ಯಾರೂ ಬಾಯಿಬಿಟ್ಟು ಮಾಡದ ಒಪ್ಪಂದ. ಭಾನುವಾರ ಎಲ್ಲಿಗೆ ಎಂದು ಕೇಳಿದರೆ, “ಗುಳೇದಗುಡ್ಡ,” ಅನ್ನುತ್ತಿದ್ದರು. ಕರದಂಟು ಬರುವುದು ನಿಂತಿತು. ಅವರು ಸ್ನಾನಕ್ಕೆ ಹೋದಾಗ ನಾನು ಶೂ ಎತ್ತಿ ನೋಡುತ್ತಿದ್ದೆ. ಕೆಂಪು ಮಣ್ಣು ಕಂಡರೆ ಮೆಟ್ಟಿಲ ಅಂಚಿಗೆ ಬಡಿದು ಉದುರಿಸಿ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದೆ. ಮೊದಲು ಯಾವ ಮಣ್ಣು ನೋಡಿ ಹೆದರಿದ್ದೆನೋ ಅದೇ ಮಣ್ಣು ಈಗ ವಾರಕ್ಕೊಮ್ಮೆ ಬರುವ ಕ್ಷೇಮಸಮಾಚಾರವಾಗಿತ್ತು.

ಈ ಭಾನುವಾರ ಅಟ್ಟೆ ಸ್ವಚ್ಛವಾಗಿತ್ತು.

ಬೆರಳು ಹಾಕಿ ಸಂದುಗಳನ್ನೂ ನೋಡಿದೆ. ಅಂಚಿನ ತನಕ ಹೊಸ ಡಾಂಬರು ಹಾಕಿರಬಹುದು. ದಾರಿಯಲ್ಲಿ ತೊಳೆದುಕೊಂಡಿರಬಹುದು, ಆದರೆ ಶೂ ಒದ್ದೆಯಿರಲಿಲ್ಲ. ನಾನು ನೋಡುತ್ತೇನೆ ಎಂದು ತಿಳಿದು ಬೇಕೆಂದೇ ಒರೆಸಿರಬಹುದು. ಹಾಗಿದ್ದರೆ ಅದು ನನ್ನನ್ನು ಕೆಣಕಲಿಕ್ಕೆ. ಇಷ್ಟು ಯೋಚಿಸುವ ಹೊತ್ತಿಗೆ ಅವರು ತಟ್ಟೆಯ ಮುಂದೆ ಬಂದು ಕೂತಿದ್ದರು. ಮುಖ ಕೆಂಪಾಗಿತ್ತು. ಬಿಸಿಲಿಗೆ ಎಲ್ಲರ ಮುಖವೂ ಕೆಂಪಾಗುತ್ತದೆ.

“ಇವತ್ತ ಚಾ ನಿಂತು ಕುಡದ್ರೋ, ಕುಂತೋ?”

ಉಪ್ಪಿಟ್ಟಿನಿಂದ ತಲೆ ಎತ್ತಲಿಲ್ಲ. “ಕುಂತು.”

ನಾನು ಬೈಯಲಿಲ್ಲ. ಅವರು ಅದಕ್ಕಾಗಿ ಕಾಯುತ್ತಿದ್ದರು ಅನ್ನಿಸುತ್ತದೆ. ಎದುರಿಗೆ ಕೂತು, ಅವರ ಕುತ್ತಿಗೆಯ ನರ ಹೊಡೆದುಕೊಳ್ಳುವುದನ್ನು ನೋಡುತ್ತ ಅಂದೆ: “ನಾಳೆ ದವಾಖಾನಿಗೆ ಹೋಗೂಣು. ಡಾಕ್ಟರ್ ಏನಂತಾರ ಅನ್ನೂದು ಇಬ್ಬರೂ ಕೂಡೇ ಕೇಳೂಣು.”

“ಆವತ್ತೂ ಕೂಡೇ ಕೇಳಿದ್ವಿ,” ಅಂದರು.