ದೊಡ್ಡವ್ವನ ವ್ಯಾನಿಗೆ ಯಾವ ಅಂಟು

ನನ್ನ ಅಕ್ಷರ ಸೊಟ್ಟಗಿದೆ, ಒತ್ತಕ್ಷರ ಬಂದರೆ ಈಗಲೂ ಕೈ ತಡೆಯುತ್ತದೆ. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಮಾತು ಸರಿಯಾಗಿ ಜೋಡಿಸಲು ಬರುವುದಿಲ್ಲ, ನಡುವೆ ಮರಾಠಿ ಬಂದುಬಿಡುತ್ತದೆ. ಓದುವವರು ಕ್ಷಮಿಸಬೇಕು. ನಾನು ಬರೆಯುತ್ತಿರುವುದು ದ್ರೌಪದಿ ದೊಡ್ಡವ್ವನ ಬಗ್ಗೆ. ಅವಳು ನಮ್ಮ ಅವ್ವನ ಅಕ್ಕ. ಸೊಲ್ಲಾಪುರದ ಹತ್ತಿರ ಬೋರಾಮಣಿಯಲ್ಲಿ ಅವಳ ಹೊಲಮನೆ ಇದೆ, ಈಗ ನಾನೂ ಅಲ್ಲೇ ಇರುತ್ತೇನೆ.

ದೊಡ್ಡವ್ವ ವ್ಯಾನು ಓಡಿಸುತ್ತಾಳೆ. ದೊಡ್ಡಪ್ಪ ಇದ್ದಾಗ ಅವನು ಓಡಿಸುತ್ತಿದ್ದ, ಇವಳು ಬದನೆಕಾಯಿ ಬುಟ್ಟಿಗಳನ್ನು ಹಿಡಿದು ಹಿಂದೆ ಕೂರುತ್ತಿದ್ದಳು. ಅವನು ತೀರಿಕೊಂಡ ಮೇಲೆ ಹೊಲದಲ್ಲೇ ಹಿಂದೆ ಮುಂದೆ ಮಾಡಿ ಕಲಿತಳು. ಮೊದಮೊದಲು ಅವಳ ಗಾಡಿ ಕಂಡರೆ ಊರ ಗಂಡಸರು ಬೇಕೆಂದೇ ಓಡಿ ಕಟ್ಟೆ ಹತ್ತಿ ನಿಲ್ಲುತ್ತಿದ್ದರಂತೆ. "ಇಳೀರಿ ಕೆಳಗ, ಕಟ್ಟೀ ಮ್ಯಾಗೂ ಬರತದ ನನ್ನ ಗಾಡಿ!" ಎಂದು ಇವಳು ಹಾರ್ನ್ ಬಾರಿಸುತ್ತಿದ್ದಳಂತೆ. ಈಗ ಸೊಲ್ಲಾಪುರದ ಮಾರ್ಕೆಟ್ಟಿಗೆ ಕಾಯಿಪಲ್ಲೆ ಒಯ್ಯುವುದಿರಲಿ, ಅಕ್ಕಲಕೋಟೆಗೆ ಮಗಳ ಮನೆಗೆ ಹೋಗುವುದಿರಲಿ, ಅವಳು ಯಾರನ್ನೂ ಕೇಳುವುದಿಲ್ಲ. ಚಾವಿ ತೆಗೆದುಕೊಂಡು ಹೊರಡುತ್ತಾಳೆ.

ಆ ವ್ಯಾನಿನ ಪಕ್ಕದ ಬಾಗಿಲಿನ ಹೊರಗಿನ ತಗಡು, ಕೆಳಗಿನ ಅಂಚಿನಲ್ಲಿ ತುಕ್ಕು ಹಿಡಿದು ಒಳಗಿನ ಚೌಕಟ್ಟಿನಿಂದ ಬಿಟ್ಟುಕೊಂಡಿತು. ಗಾಳಿ ಹೊಕ್ಕರೆ ಆನೆಯ ಕಿವಿಯಂತೆ ಹೊರಗೆ ಬರುತ್ತಿತ್ತು. ಒಂದು ದಿನ ಪಕ್ಕದಲ್ಲಿ ಹೋಗುತ್ತಿದ್ದ ಮೋಟರ್‌ಸೈಕಲ್ಲಿನವನ ಮೊಣಕೈಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಅವಳ ಮಗ ಅಮೋಲಣ್ಣ ಅಂದು ಸಿಟ್ಟಾದ.

"ಅವ್ವಾ, ಇದು ಭಂಗಾರ ಆಗ್ಯಾದ. ಸೋಮವಾರ ಭಂಗಾರದವಂಗ ಕೊಟ್ಟಬಿಡ್ತೀನಿ."

"ಹೌದಪಾ, ನನಗ ಬಂಗಾರನ ಅದು. ಅದಕ್ಕ ಕೊಡಂಗಿಲ್ಲ."

ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಅವಳಿಗೆ ಅದು ಚೆನ್ನಾಗಿ ಗೊತ್ತು. ಆದರೂ ಅವಳು ನಗಲಿಲ್ಲ. ವ್ಯಾನು ಹೋದರೆ ಎಲ್ಲಿಗೆ ಹೋಗಬೇಕಾದರೂ ಅಮೋಲಣ್ಣನಿಗೆ ಬಿಡುವಾಗುವ ತನಕ ಕಾಯಬೇಕು.

ವೆಲ್ಡಿಂಗಿನವನು ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ, "ತಗಡ ಹಪ್ಪಳ ಆಗ್ಯಾದ ಮಾವಶಿ. ಬೆಂಕಿ ತೋರಿಸಿದ್ರ ತೂತ ಬೀಳತದ. ಅಂಟ ಹಚ್ಚಿ ಕೂಡಸ್ರಿ," ಎಂದ. ಯಾವ ಅಂಟು ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಸೊಲ್ಲಾಪುರದಲ್ಲಿ ಗಾಡಿಗಳ ಬಣ್ಣ, ಅಂಟು ಮಾರುವ ಅಂಗಡಿಗೆ ಹೋದೆವು. ಗೋಡೆ ತುಂಬ ಡಬ್ಬಿ, ಟ್ಯೂಬು. ಕೆಲವುಗಳ ಹೆಸರನ್ನು ಅಕ್ಷರ ಕೂಡಿಸಿ ಓದಿದೆ, ಅರ್ಥವಾಗಲಿಲ್ಲ. ಕಲ್ಲಿಗೂ ಅಂಟುತ್ತದೆ, ಕಟ್ಟಿಗೆಗೂ ಅಂಟುತ್ತದೆ ಎಂದು ಒಂದರ ಮೇಲೆ ಚಿತ್ರವಿತ್ತು, ಬಾಗಿಲಿನ ಚಿತ್ರ ಮಾತ್ರ ಯಾವುದರ ಮೇಲೂ ಇರಲಿಲ್ಲ. ಅಂಗಡಿಯ ಧರ್ಮರಾಜ ಸೇಠರು ಮರಾಠಿಯಲ್ಲಿ ಏನು ಬೇಕು ಎಂದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಪೇಟೆಯ ಮರಾಠಿಯಲ್ಲಿ, ತಗಡು ಅಂಟಿಸಬೇಕು, "ಘಟ್ಟ ಪಾಹಿಜೆ, ಏಕದಮ್ ಘಟ್ಟ," ಎಂದಳು. ಗಟ್ಟಿಯದು ಬೇಕು ಎಂದು ಅವಳ ಅರ್ಥ. ಅವರು ಒಂದು ಕರಿ ಟ್ಯೂಬು ಕೊಟ್ಟರು. ಹಿಂಡಿದರೆ ಕಡಬಿನ ಹಿಟ್ಟಿನಂತೆ ದಪ್ಪಗೆ ಬರುತ್ತಿತ್ತು.

ಅದನ್ನೇ ಹಚ್ಚಿ, ಹಗ್ಗ ಬಿಗಿದು, ಒಣಗಲು ಬಿಟ್ಟೆವು. ನೋಡಲು ಚೆನ್ನಾಗಿಯೇ ಕೂತಿತು. ಅಕ್ಕಲಕೋಟೆ ರಸ್ತೆಯ ಮೊದಲನೆಯ ಉಬ್ಬು ಹತ್ತಿ ಇಳಿಯುವಷ್ಟರಲ್ಲಿ ತಗಡು ಮತ್ತೆ ಬಡಿದುಕೊಳ್ಳತೊಡಗಿತು. ಜೊತೆಗೆ ಬಂದಿದ್ದ ಅಮೋಲಣ್ಣ ಇಳಿದು ಎಳೆದ. ಅಂಟು ಬಿಡಲಿಲ್ಲ, ಹರಿಯಲಿಲ್ಲ, ರಬ್ಬರಿನಂತೆ ಹಿಗ್ಗಿತು.

"ಬಾಗಲಕ್ಕ ಚಪ್ಪಲ್ ಸೋಲ್ ಹಚ್ಚೀರೇನ ಇಬ್ಬರೂ ಕೂಡಿ? ಸೋಮವಾರ ಅಂದ್ರ ಸೋಮವಾರ," ಎಂದ.

ಒಣಗಿದೆ, ಅಂಟಿದೆ, ಆದರೂ ಹಿಡಿದಿಲ್ಲ. ಇದು ಹೇಗೆ?

ದೊಡ್ಡವ್ವ ಅರ್ಧ ಉಳಿದ ಟ್ಯೂಬು ಹಿಡಿದು ಮತ್ತೆ ಅಂಗಡಿಗೆ ಬಂದಳು. ಮರಾಠಿಯಲ್ಲಿ ಜಗಳ ತೆಗೆದಳು. ಸೇಠರು ನೀವು ಕೇಳಿದ್ದನ್ನೇ ಕೊಟ್ಟಿದ್ದೇನೆ ಎಂದರು. ಇವಳು ನನ್ನ ಕಡೆ ತಿರುಗಿ, "ಗಟ್ಟಿ ಕೇಳಿದ್ರ ರಬ್ಬರ್ ಕೊಟ್ಟಾನ ನೋಡ ಮಬ್ಬ," ಎಂದು ಗೊಣಗಿದಳು.

"ಯಾರ್ರೀ ಮಬ್ಬ?" ಎಂದರು ಸೇಠರು, ಕನ್ನಡದಲ್ಲೇ. ನಾನು ನೆಲ ನೋಡಿದೆ. "ಅಕ್ಕಾರ, ಕನ್ನಡದವರೇನ್ರಿ ನೀವು? ಮೊದಲ ಹೇಳಬಾರದೇನ್ರಿ? ನಮ್ಮೂರು ದುಧನಿ!"

"ಮತ್ತ ನೀವ್ಯಾಕ ಮರಾಠಿ ಹಚ್ಚೀರಿ?"

"ನೀವು ಬಾಯೀಸಾಹೇಬರ ಹಂಗ ಮಾತಾಡಿದ್ರಿ, ನಾನೂ ಸೇಠ ಆದೆ. ನೀವು ಘಟ್ಟ ಅಂದ್ರಿ. ಮರಾಠಿಯೊಳಗ ಘಟ್ಟ ಅಂದ್ರ ಮಂದ, ಬಾಸುಂದಿ ಇದ್ದಂಗ. ಮಂದಂದು ಕೊಟ್ಟೀನಿ. ನಿಮಗ ಬೇಕಾಗಿದ್ದು ಗಟ್ಟಿ ಆಗೂದು."

ಇಬ್ಬರೂ ನಕ್ಕರು. ಸಮಸ್ಯೆ ಮುಗಿಯಿತು ಎಂದುಕೊಂಡೆ. ಆದರೆ ದೊಡ್ಡವ್ವ ಒಂದು ಡಬ್ಬಿ ತೋರಿಸಿ, "ಲಾಂಬಿ ಗಟ್ಟಿ ಆಗತದಲ್ಲ, ಅದನ್ನ ಕೊಡ್ರಿ," ಎಂದಾಗ ಅವರು ತಲೆ ಅಲ್ಲಾಡಿಸಿದರು. ಲಾಂಬಿ ಎಂದರೆ ಬಣ್ಣ ಹೊಡೆಯುವ ಮುಂಚೆ ತಗ್ಗು ತುಂಬುವ ಲೇಪ.

"ಅದು ಗಟ್ಟಿ ಆಗತದ್ರಿ, ಖರೆ ಹಿಡಿಯಂಗಿಲ್ಲ. ತುಂಬತದ ಅಷ್ಟ. ಆ ಕರೇದು ಸಂದಿನ್ಯಾಗ ನೀರು ತಡೀತದ. ಈ ಜೋಡಿ ಟ್ಯೂಬಿಂದು ತಗಡಕ್ಕ ತಗಡ ಹಿಡೀತದ. ಎರಡೂ ಸಮ ತಗೋರಿ, ಒಂದ ಬಣ್ಣ ಆಗೂ ತನಕ ಕಲಸ್ರಿ. ತುಕ್ಕು, ಬಣ್ಣ, ಎಣ್ಣಿ ಏನೂ ಇರಬಾರದು."

ಅಂದರೆ ನಮಗೆ ಬೇಕಾದದ್ದು ಘಟ್ಟವೂ ಅಲ್ಲ, ಬರೀ ಗಟ್ಟಿಯೂ ಅಲ್ಲ. ಜೋಡಿ ಟ್ಯೂಬು ಕೊಂಡು ವ್ಯಾನಿನಲ್ಲಿ ಕೂತು ನಾನು ಮೂರನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಬಂದೆ: ತುಂಬುವುದು, ತಡೆಯುವುದು, ಹಿಡಿಯುವುದು. ಹೇಳಿಕೊಂಡಷ್ಟೂ ಯಾವುದು ಯಾವುದೋ ಎಂದು ಗೊಂದಲ ಹೆಚ್ಚಾಯಿತು.

ಬಾಗಿಲಿಗೆ ಮತ್ತೆ ತಪ್ಪು ಅಂಟು ಹಚ್ಚಲು ಹೆದರಿಕೆಯಾಯಿತು. ಹಳೆಯ ಎಣ್ಣೆ ಡಬ್ಬಿ ಕತ್ತರಿಸಿ ಪಟ್ಟಿ ಮಾಡಿ, ಹೊಳೆಯುವ ತನಕ ಉಜ್ಜಿದೆ. ಒಂದು ಜೋಡಿಯನ್ನು ಕರಿ ಅಂಟಿನಿಂದ, ಒಂದನ್ನು ಮನೆಯ ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಲಾಂಬಿಯಿಂದ, ಇನ್ನೊಂದನ್ನು ಹೊಸ ಅಂಟಿನಿಂದ ಕೂಡಿಸಿ ಇಟ್ಟಿಗೆಯ ಕೆಳಗಿಟ್ಟೆ. ಪೂರ್ತಿ ಒಣಗಿದ ಮೇಲೆ ಅಮೋಲಣ್ಣನನ್ನೇ ಕರೆದೆವು. ಅವನು ಇಕ್ಕಳದಿಂದ ಎಳೆದ. ಲಾಂಬಿ ಟಪ್ಪನೆ ಸಿಡಿಯಿತು. ಕರಿಯದು ಹಿಗ್ಗಿತು. ಮೂರನೆಯದನ್ನು ಎಳೆದಾಗ ಪಕ್ಕದ ತಗಡು ಹರಿಯಿತು, ಅಂಟಿದ ಜಾಗ ಹಾಗೇ ಉಳಿಯಿತು.

ಅವನು ಅದನ್ನು ತಿರುಗಿಸಿ ನೋಡಿದ. "ಪಟ್ಟಿ ಹಿಡದದ, ಖರೆ. ಬಾಗಲ ಹಿಡೀತದಂತ ಹೆಂಗ ಹೇಳ್ತಿ ಮನೀಷಾ?"

ದೊಡ್ಡವ್ವನೇ ಹೇಳಿದಳು: "ನಿನಗ ಹೆಣ್ಣ ಕೊಡೂ ಮುಂದ ಬೀಗರು ಹಿಂಗ ಕೇಳಿದ್ದರ ನೀ ಇನ್ನೂ ಲಗ್ನ ಇಲ್ದ ಕೂಡತಿದ್ದಿ."

ಅಮೋಲಣ್ಣನಿಗೆ ನಗು ತಡೆಯಲಾಗಲಿಲ್ಲ. ಗುಜರಿಯವನಿಗೆ ಫೋನು ಮಾಡಿ ಸೋಮವಾರ ಬರಬೇಡ ಎಂದ. "ಬಾಗಲ ಕೂಡಸ್ರಿ. ಅಕ್ಕಲಕೋಟಿಗಿ ಹೋಗಿ ಬರೂನು. ಅಲ್ಲೀ ತನಕ ನಾ ಏನೂ ಅನ್ನಂಗಿಲ್ಲ."

ದೊಡ್ಡವ್ವ ಈಗಲೇ ಮಗಳಿಗೆ ಬರುತ್ತೇನೆ ಎಂದು ಹೇಳಿಬಿಟ್ಟಿದ್ದಾಳೆ. ನನಗೆ ಇನ್ನೂ ಸಂಶಯವಿದೆ. ಹೊಸ ಅಂಟು ಹಳೆಯ ರಬ್ಬರಿನ ಮೇಲೆ ಹಿಡಿಯುವುದಿಲ್ಲ ಎಂದು ಸೇಠರು ಫೋನಿನಲ್ಲಿ ಹೇಳಿದ್ದಾರೆ, ಅದರ ಕೆಳಗೆ ತುಕ್ಕು ತಿನ್ನದೆ ಎಷ್ಟು ತಗಡು ಉಳಿದಿದೆಯೋ ಕಾಣುತ್ತಿಲ್ಲ. ನಾಳೆ ಬೆಳಿಗ್ಗೆ ಬಾಗಿಲನ್ನು ಬಿಚ್ಚಿ ಅಂಗಳದಲ್ಲಿ ಮಲಗಿಸಿ, ಕರಿ ಅಂಟನ್ನು ಪೂರ್ತಿ ಕೆರೆದು ತೆಗೆಯುತ್ತೇನೆ.